ಲೊಕೇಶನ್ ಕಳಿಸಿ ಅಂದ್ರು

ಬೆಳಿಗ್ಗೆ ತೋಟದ ಮೂಲೆಯಲ್ಲಿ, ಬಳಂಜಿ ಮರದ ಕೆಳಗೆ ಮೊಬೈಲ್ ಎತ್ತಿ ಹಿಡಿದು ನಿಂತಿದ್ದೆ. ಕಾಫಿ ವ್ಯಾಪಾರಿಗೆ ಲೊಕೇಶನ್ ಬೇಕಂತೆ. ಸಿಗ್ನಲ್ ಇಲ್ಲ, ಕಾಲಿಗೆ ಜಿಗಣೆ ಬೇರೆ.

ಯುರೋಪಿಯನ್ ಒಕ್ಕೂಟದ ಹೊಸ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ; ಅದಕ್ಕೇ ಬೆಳೆದ ಜಾಗದ ಲೊಕೇಶನ್ ಕೇಳೋದು. ಜಾರಿ ಮುಂದೂಡ್ತಾನೇ ಇದ್ದಾರೆ, ಅದು ಬೇರೆ ಮಾತು. ತಮಾಷೆ ಅಂದ್ರೆ, ಬ್ರಿಟನ್ ಒಕ್ಕೂಟದ ಮಾರುಕಟ್ಟೆ ಬಿಟ್ಟಿದ್ದೂ ಅದೇ ದಿನ! ಒಕ್ಕೂಟದ ಹಳೇ ಕಾನೂನುಗಳನ್ನು ಕಾಪಿ ಮಾಡಿಟ್ಟುಕೊಂಡೇ ಹೊರಟರು; ಇದು ಆಮೇಲೆ ಬಂದದ್ದು, ಆ ಕಾಪಿಯಲ್ಲಿಲ್ಲ.

‘ಹಾಗಾದ್ರೆ ಬ್ರಿಟನ್ನಿಗೇ ಮಾರೋಣ ಮಾವ’ ಅಂದೆ.

‘ಅವರು ಅದನ್ನ ಹುರಿದು ಯುರೋಪಿಗೆ ಮಾರಬೇಕಾದ್ರೆ? ಆಗ ನಿನ್ನ ಹತ್ರ ಇದನ್ನೇ ಕೇಳ್ತಾರೆ’ ಅಂದರು.

ಕೊನೆಗೂ ಪಾಯಿಂಟ್ ಬಿತ್ತು. ಪಕ್ಕದ ತೋಟದ ಕೆರೆಯ ನಟ್ಟನಡುವೆ.