ಗ್ರೇ ಸಾಹೇಬ, ಕಬ್ಬನ್ ಸಾಹೇಬ

"ನಮ್ಮ ಅಜ್ಜಂದಿರ ಹಾಡು ಬರೆಸಿಟ್ಟವನೂ ಅವನೇ, ಅವರ ನೆಲ ಕಿತ್ತುಕೊಂಡವನೂ ಅವನೇ. ಎರಡನ್ನೂ ಬರಿ ಮಗಾ."

ನಾವಿರುವುದು ನ್ಯೂಜಿಲೆಂಡಿನಲ್ಲಿ. ಮಗಳ ಶಾಲೆಯ ಪ್ರಾಜೆಕ್ಟು ಇಲ್ಲಿ ಬ್ರಿಟಿಷ್ ಗವರ್ನರ್ ಆಗಿದ್ದ ಸರ್ ಜಾರ್ಜ್ ಗ್ರೇ ಬಗ್ಗೆ ಅಂತ ಗೊತ್ತಾದಾಗ, ಪಕ್ಕದ ಮನೆಯ ಅಜ್ಜಿ, ಇಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರವರು, ಹೇಳಿದ ಮಾತಿದು. ಅವರ ಹಿರಿಯರು ವೈಕಾಟೊ ಸೀಮೆಯವರು. ದನಿಯಲ್ಲಿ ಸಿಟ್ಟಿರಲಿಲ್ಲ, ಮಗು ಅರ್ಧ ಬರೆದು ಬಿಟ್ಟೀತೆಂಬ ಕಾಳಜಿಯಿತ್ತು.

ಗ್ರೇ ಹುಟ್ಟುವ ಕೆಲವೇ ದಿನ ಮೊದಲು, 1812ರಲ್ಲಿ, ಸೇನಾಧಿಕಾರಿಯಾಗಿದ್ದ ಅಪ್ಪ ಸ್ಪೇನಿನ ಬಡಾಹೋಸ್ ಮುತ್ತಿಗೆಯಲ್ಲಿ ಸತ್ತಿದ್ದ. ಮಗನೂ ಸೇನೆ ಸೇರಿದ, ಕ್ಯಾಪ್ಟನ್ ಆದ. 1841ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿಗೆ, ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್. ಆಮೇಲೆ ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದ ಕೇಪ್ ಕಾಲೊನಿ, ಮತ್ತೆ ನ್ಯೂಜಿಲೆಂಡ್. ಮಾವೊರಿ ಭಾಷೆ ಕಲಿತು, ಮುಖಂಡರಿಂದ ಕಥೆ, ಹಾಡು ಬರೆಸಿಕೊಂಡ. ಅದೇ ಮನುಷ್ಯ 1863ರ ಜುಲೈಯಲ್ಲಿ ವೈಕಾಟೊ ಮೇಲೆ ಸೈನ್ಯ ನುಗ್ಗಿಸಿದ. ಹಿಂದೆಯೇ ಸುಮಾರು 12 ಲಕ್ಷ ಎಕರೆ ಜಪ್ತಿಯಾಯಿತು. ಅದಕ್ಕೆ ನ್ಯೂಜಿಲೆಂಡಿನ 'ಕ್ರೌನ್', ಅಂದರೆ ರಾಣಿಯ ಹೆಸರಿನಲ್ಲಿ ನಡೆಯುವ ಸರ್ಕಾರ, ಕ್ಷಮೆ ಕೇಳಿದ್ದು 1995ರಲ್ಲಿ.

ಇಲ್ಲಿಯ ಶಾಲೆಗಳೂ ಇದನ್ನೆಲ್ಲ ತಾವಾಗಿಯೇ ಹೇಳಿಕೊಡಲಿಲ್ಲ. ಒಟೊರೊಹಾಂಗ ಎಂಬ ಪುಟ್ಟ ಊರಿನ ಹೈಸ್ಕೂಲು ಮಕ್ಕಳು ಆ ಯುದ್ಧಭೂಮಿಗಳನ್ನು ನೋಡಿಬಂದು, ಇದು ನಮಗೇಕೆ ಗೊತ್ತಿಲ್ಲ ಎಂದು 12,000ಕ್ಕೂ ಹೆಚ್ಚು ಸಹಿ ಕೂಡಿಸಿ 2015ರಲ್ಲಿ ಪಾರ್ಲಿಮೆಂಟಿಗೆ ಒಯ್ದರು. 2023ರಲ್ಲಿ ದೇಶದ ಇತಿಹಾಸ ಪಠ್ಯಕ್ರಮದಲ್ಲಿ ಕಡ್ಡಾಯವಾಯಿತು. ಆ ಮಕ್ಕಳನ್ನು ನೆನೆದರೆ ಹೆಮ್ಮೆಯಾಗುತ್ತದೆ.

ಹೊಟ್ಟೆ ಉರಿಯುವುದು ನಮ್ಮ ಊರನ್ನು ನೆನೆದಾಗ. ನಾನು ಹೊಸನಗರ ಸೀಮೆಯವಳು. ಶಾಲೆಯಿಂದ ಹತ್ತಿರದ ನಗರ ಎಂಬ ಊರಿನ ಕೋಟೆಗೆ ಕರೆದೊಯ್ದಿದ್ದರು. ಶಿವಪ್ಪ ನಾಯಕನ ಕಥೆ ಹೇಳಿದರು. ಅದೇ ನೆಲದಲ್ಲಿ 1830ರಲ್ಲಿ ಕಂದಾಯದ ಹೊರೆ ತಾಳದೆ ರೈತರು ಕೂಟ ಕಟ್ಟಿ ಎದ್ದದ್ದನ್ನು, ಅವರ ಮುಂದಾಳು ಬೂದಿ ಬಸವಪ್ಪನ ಹೆಸರನ್ನು ಯಾರೂ ಎತ್ತಲಿಲ್ಲ. ಆ ದಂಗೆಯನ್ನು ನೆಪ ಮಾಡಿಕೊಂಡೇ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡದ್ದು. ದಂಗೆಯ ವಿಚಾರಣಾ ಸಮಿತಿಯಲ್ಲಿ ಕೂತ ಸೇನಾಧಿಕಾರಿ ಮಾರ್ಕ್ ಕಬ್ಬನ್, 1834ರಿಂದ 1861ರವರೆಗೆ ನಮ್ಮನ್ನಾಳಿದ ಕಮಿಷನರ್. ನಮಗೆ ಅವನು ಬರೀ ಒಂದು ಪಾರ್ಕು.

2020ರಲ್ಲಿ ಆಕ್ಲೆಂಡಿನ ಆಲ್ಬರ್ಟ್ ಪಾರ್ಕಿನಲ್ಲಿ ಗ್ರೇ ಪ್ರತಿಮೆಯ ಮೂಗು ಒಡೆದರು, ಊರೆಲ್ಲ ಚರ್ಚೆ. ಅದೇ ವರ್ಷ ಕಬ್ಬನ್ ಪ್ರತಿಮೆಯನ್ನು ಹೈಕೋರ್ಟ್ ಆವರಣದಿಂದ ಪಾರ್ಕಿಗೆ ಸಾಗಿಸಿದರು. ಜಾಗ ಬದಲಾಯಿತು. ನಗರದ ರೈತರ ಮಾತು ಆಗಲೂ ನನ್ನ ಕಿವಿಗೆ ಬೀಳಲಿಲ್ಲ.

ಬೂದಿ ಬಸವಪ್ಪ ಯಾರು ಅಂತ ಮಗಳು ಈಗ ಕೇಳುತ್ತಿದ್ದಾಳೆ. ನಗರ, ಹೊಸನಗರದ ಕಡೆಯವರೇ, ನಿಮ್ಮ ಮನೆಯ ಹಿರಿಯರು ಆ ಕೂಟಗಳ ಮಾತು ಏನಾದರೂ ಆಡುತ್ತಿದ್ದರೆ ಬರೆದು ತಿಳಿಸಿ. ಅವಳಿಗೆ ಓದಿ ಹೇಳುತ್ತೇನೆ.