ಹದಿನಾಲ್ಕನೇ ಸ್ಕ್ರೀನಿನ ಧೂಳು

ಎರಡು ಮಹಾಯುದ್ಧಗಳ ನಡುವಿನ ಒಕ್ಲಹೋಮಾ ರಾಜ್ಯದ ಬಗ್ಗೆ ಅಮೆರಿಕದ ಪ್ರೌಢಶಾಲಾ ಮಕ್ಕಳಿಗೆ ಇಪ್ಪತ್ತು ಸ್ಕ್ರೀನುಗಳ ಪಾಠವೊಂದನ್ನು ಸಿದ್ಧಪಡಿಸುವ ಕೆಲಸ ಬೆಂಗಳೂರಿನ ನಮ್ಮ ತಂಡಕ್ಕೆ ಬಂದಾಗ, ಯಾವ ಸ್ಕ್ರೀನಿನಲ್ಲಿ ಏನಿರಬೇಕೆಂದು ಬರೆಯುವ ಸ್ಟೋರಿಬೋರ್ಡಿನ ಹೊಣೆ ನನ್ನ ಪಾಲಿಗೆ ಬಿದ್ದಿತು. ಎಸ್‌ಎಂಇ, ಅಂದರೆ ವಿಷಯ ತಜ್ಞರ, ಗಂಟೆಗಳನ್ನು ಎಸ್ಟಿಮೇಟಿನಲ್ಲೇ ಕತ್ತರಿಸಿದ್ದರು. ಅಲ್ಲಿ ಉಳಿಸಿದ ದುಡ್ಡನ್ನು ರೀವರ್ಕಿಗೆ ಸುರಿಯುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಈ ಬಾರಿಯ ತಪ್ಪನ್ನು ಮ್ಯಾನೇಜ್‌ಮೆಂಟಿನ ತಲೆಗೆ ಕಟ್ಟುವಂತಿಲ್ಲ.

ಹದಿನಾಲ್ಕನೇ ಸ್ಕ್ರೀನಿನಲ್ಲಿ 1935ರ ಏಪ್ರಿಲ್ 14ರ 'ಕಪ್ಪು ಭಾನುವಾರ'ದ ಧೂಳಿನ ಬಿರುಗಾಳಿ ಇತ್ತು. ಗ್ರಾಫಿಕ್ಸ್‌ನ ಹುಡುಗ ನಾಲ್ಕು ದಿನ ಕುಳಿತು ಮಾಡಿದ ಆ ಅನಿಮೇಶನ್ನಿನಲ್ಲಿ ಹೊಲದ ಬೇಲಿ, ಗಾಳಿಯಂತ್ರ, ಮನೆಯ ಮಾಡು ಒಂದೊಂದಾಗಿ ಧೂಳಿನಲ್ಲಿ ಮುಳುಗಿ, ಆ ಕತ್ತಲೆಯೊಳಗಿಂದ ಕೆಂಪು ಬಾಣಗಳು ಕ್ಯಾಲಿಫೋರ್ನಿಯಾದತ್ತ ಚಾಚಿಕೊಳ್ಳುತ್ತಿದ್ದವು. ಅದಕ್ಕೆ ನಾನು ಬರೆದ ವಿಒ (ಹಿನ್ನೆಲೆ ಧ್ವನಿಯ ನಿರೂಪಣೆ), ಸೆಕ್ವೋಯಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಗೇಣಿದಾರ ಕುಟುಂಬವೊಂದು ಊರು ಬಿಡುವ ಕಥೆ. ತಪ್ಪು ಹುಡುಕುವ ಕ್ಯೂಎ ತಂಡ ಕೂಡ ಒಂದು ಕಾಮಾ ಬಿಟ್ಟರೆ ಬೇರೇನನ್ನೂ ಹಿಡಿಯಲಿಲ್ಲ.

ರಾತ್ರಿ ಎಂಟೂವರೆಯ ಕಾಲ್‌ನಲ್ಲಿ ಕ್ಲೈಂಟ್ ಕಡೆಯ ರಿವ್ಯೂವರ್ ಅದನ್ನು ಎರಡು ಸಲ ಓಡಿಸಿ ನೋಡಿ, "ನಿಮ್ಮ ಧೂಳು ಯಾವ ಕೌಂಟಿಯದು?" ಎಂದು ಕೇಳಿದರು. ಸಿಮರಾನ್ ಎಂದೆ. "ಕುಟುಂಬ?" ಎಂದರು. ಅವರ ಕರ್ಸರ್ ನಕ್ಷೆಯ ಪಶ್ಚಿಮದ ತುದಿಯಿಂದ ಪೂರ್ವದ ಅಂಚಿಗೆ ನಿಧಾನವಾಗಿ ಸಾಗಿ ನಿಂತಿತು. ಆ ಎರಡು ಕೌಂಟಿಗಳ ನಡುವಿನ ದಾರಿ ಬೆಂಗಳೂರಿನಿಂದ ಬೀದರಿಗಿರುವ ದಾರಿಗಿಂತ ಕಡಿಮೆಯದಲ್ಲ. ನಮ್ಮ ಟೀಮ್ ಲೀಡ್ ಮೇಡಂ ಚಾಟ್‌ನಲ್ಲಿ "ಒಪ್ಕೊಂಡ್ಬಿಡಿ" ಎಂದು ಬರೆದದ್ದು ಕಣ್ಣಿಗೆ ಬಿದ್ದರೂ ನಾನು ಬಿಡದೆ, 1934ರ ಬಿರುಗಾಳಿಯ ಧೂಳು ರಾಜಧಾನಿ ವಾಷಿಂಗ್ಟನ್ನಿನವರೆಗೂ ಹೋಗಿತ್ತೆಂದು ವಾದಿಸಿದೆ. "ಹಾಗಾದರೆ ವಾಷಿಂಗ್ಟನ್ನಿನವರೂ ಗಂಟುಮೂಟೆ ಕಟ್ಟಿದರೇ?" ಎಂದರು ಆತ. ಮ್ಯೂಟ್ ಮಾಡಿಕೊಂಡು ನಕ್ಕವರು ಯಾರೆಂಬುದು ನನಗೆ ಇಂದಿಗೂ ಗೊತ್ತು.

ಮರುದಿನ ನನ್ನದೇ ಸೋರ್ಸ್ ಫೋಲ್ಡರ್ ತೆರೆದಾಗ ಎಲ್ಲವೂ ಅಲ್ಲೇ ಇತ್ತು. ಧೂಳು ಕಾಡಿದ್ದು ಮುಖ್ಯವಾಗಿ ಸಿಮರಾನ್, ಟೆಕ್ಸಸ್, ಬೀವರ್ ಎಂಬ ಪಶ್ಚಿಮ ತುದಿಯ ಮೂರು ಗೋಧಿ ಕೌಂಟಿಗಳನ್ನು. ಅಲ್ಲಿ ಧೂಳು ಕುಡಿದೂ ಉಳಿದವರೇ ಹೆಚ್ಚು. ಕ್ಯಾಲಿಫೋರ್ನಿಯಾದ ದಾರಿ ಹಿಡಿದವರಲ್ಲಿ ಬಹುಪಾಲು ಜನ ಪೂರ್ವ ಮತ್ತು ದಕ್ಷಿಣದ ಹತ್ತಿ ಸೀಮೆಯವರು. ರಾಜ್ಯದ ರೈತರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಗೇಣಿದಾರರಾಗಿದ್ದ ಆ ಕಾಲದಲ್ಲಿ ಹತ್ತಿಯ ಬೆಲೆ ಬಿದ್ದುಹೋಗಿತ್ತು; ಬಿತ್ತನೆ ಕಡಿಮೆ ಮಾಡಿದರೆ ಹಣ ಕೊಡುವ 1933ರ ಕೃಷಿ ಹೊಂದಾಣಿಕೆ ಕಾಯ್ದೆ ಬಂದ ಮೇಲೆ, ಧಣಿಗಳು ಆ ಹಣದಲ್ಲಿ ಟ್ರ್ಯಾಕ್ಟರ್ ಕೊಂಡು ಗೇಣಿದಾರರನ್ನು ಎಬ್ಬಿಸಿದರು. ನಮ್ಮ ಕಡೆ ಗೇಣಿಯ ಕಥೆ ಕೇಳಿ ಬೆಳೆದ ನನಗೇ ಇದು ಹೊಳೆಯದೆ ಹೋಯಿತಲ್ಲ ಎಂಬುದು ಹೆಚ್ಚು ಚುಚ್ಚಿತು.

ಜನ ಊರು ಬಿಟ್ಟ ಇನ್ನೊಂದು ಕಾರಣವನ್ನು ಪಾಠದ ಅವಧಿ ಮೀರುತ್ತದೆಂದು ನಾನೇ ಕತ್ತರಿಸಿ ಎಸೆದಿದ್ದೆ. ಅದೇ ರಾಜ್ಯದಲ್ಲಿ 1926ರಲ್ಲಿ ಸೆಮಿನೋಲ್‌ನಲ್ಲಿ, 1928ರಲ್ಲಿ ಒಕ್ಲಹೋಮಾ ಸಿಟಿಯಲ್ಲಿ ಎಣ್ಣೆ ಉಕ್ಕಿತು; 1930ರಲ್ಲಿ ಪಕ್ಕದ ಟೆಕ್ಸಸ್ ರಾಜ್ಯದ ಪೂರ್ವಭಾಗದಲ್ಲೂ ಉಕ್ಕಿ ಬೆಲೆ ಪಾತಾಳಕ್ಕಿಳಿಯಿತು. ಪೀಪಾಯಿಗೆ ಒಂದು ಡಾಲರ್ ಸಿಗುವ ತನಕ ಬಾವಿಗಳು ಮುಚ್ಚಿರಲೆಂದು ಗವರ್ನರ್ ವಿಲಿಯಂ ಮರ್ರೆ 1931ರ ಆಗಸ್ಟಿನಲ್ಲಿ ಸೈನಿಕರನ್ನೇ ಕಳುಹಿಸಿದರು. ಹೊಲ ಕೈಬಿಟ್ಟವನಿಗೆ ಎಣ್ಣೆಬಾವಿಯ ಕೂಲಿಯೂ ನೆಚ್ಚಿಕೊಳ್ಳುವಂತಿರಲಿಲ್ಲ. ಸೈನಿಕರ ಆ ಸ್ಕ್ರೀನು ಇದ್ದಿದ್ದರೆ ಬಾಣಗಳು ಎಲ್ಲಿಂದ ಹೊರಡಬೇಕೆಂದು ನನಗೇ ಅನುಮಾನ ಬರುತ್ತಿತ್ತು.

ರೀವರ್ಕಿಗೆ ಒಂಬತ್ತು ದಿನ ಹಿಡಿಯಿತು. ಧೂಳನ್ನು ಮೂರು ಕೌಂಟಿಗಳಿಗೆ ಸೀಮಿತಗೊಳಿಸಿ, ಬಾಣಗಳನ್ನು ಹತ್ತಿ ಸೀಮೆಗೆ ಸರಿಸಿ, ವಿಒ ಮತ್ತೆ ರೆಕಾರ್ಡ್ ಮಾಡಿಸಿ ಕ್ಲೈಂಟ್‌ನ ಸೈನ್‌ಆಫ್ (ಅಂತಿಮ ಒಪ್ಪಿಗೆ) ಪಡೆದೆವು. ಹೊಸ ಕ್ಲೈಂಟ್‌ಗಳಿಗೆ ತೋರಿಸುವ ಡೆಮೊದಲ್ಲಿ ಮಾತ್ರ ಸೇಲ್ಸ್‌ನವರು ಈಗಲೂ ಹಳೆಯ ಫೈಲನ್ನೇ ಓಡಿಸುತ್ತಾರೆ. ಬದಲಿಸಿ ಎಂದು ಮೂರು ಮೇಲ್ ಹಾಕಿದ್ದೇನೆ. ಹಳೆಯ ಧೂಳೇ ಚೆನ್ನಾಗಿ ಕಾಣುತ್ತದಂತೆ.