ಬೂಸಾ ಚೀಲದ ಗೌನು

ಅಮೆರಿಕದ ಗೆಟ್ಟಿಸ್‌ಬರ್ಗ್‌ಗೆ ಹೋಗಿದ್ದು ಯುದ್ಧಭೂಮಿ ನೋಡೋಕೆ. ನಮ್ಮ ಅಳಿಯನಿಗೆ ಅಲ್ಲಿನ ಅಂತರ್ಯುದ್ಧದ ಕಾಲದ, 1863ರ ಆ ಯುದ್ಧ ಎಂದರೆ ಪ್ರಾಣ. ಎರಡು ದಿನ ಫಿರಂಗಿ, ಸ್ಮಾರಕ, ಹುಲ್ಲುಗಾವಲು ಸುತ್ತಿದೆವು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕಿರೋದು ಮೂರನೇ ದಿನ ಕೈಗೆ ಸಿಕ್ಕ ಒಂದು ಹಳೇ ಗೌನಿನ ವಿಷಯ.

ಅವತ್ತು ಬೆಳಿಗ್ಗೆ ಐಸೆನ್‌ಹೋವರ್ ದಂಪತಿಯ ತೋಟದ ಮನೆ ನೋಡಿದೆವು. 1953ರಲ್ಲಿ ಗಂಡ ಅಮೆರಿಕದ ಅಧ್ಯಕ್ಷರಾದಾಗ ಹೆಂಡತಿ ಮೇಮಿಗೆ 56 ವರ್ಷ. ಅಧಿಕಾರ ವಹಿಸಿಕೊಂಡ ರಾತ್ರಿ ಆಕೆ ತೊಟ್ಟಿದ್ದ ಗುಲಾಬಿ ಗೌನಿಗೆ ಎರಡು ಸಾವಿರಕ್ಕೂ ಜಾಸ್ತಿ ಹರಳು ಹಾಕಿದ್ದರಂತೆ. ಇಲ್ಲಿ ಆಕೆಯ ಬಚ್ಚಲುಮನೆಯೂ ಗುಲಾಬಿ. ನನಗೆ ಅದು ಕಣ್ಣಿಗೆ ಹೊಡೆಯಿತು. ಆ ಕಾಲದ ಅಜ್ಜಿಯರೆಲ್ಲ ಹೀಗೇ ಬಟ್ಟೆ ತೊಡುತ್ತಿದ್ದರಾ ಅಂತ ಮಗಳನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಮಧ್ಯಾಹ್ನ, ಊರಾಚೆಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ. ಅಂಗಡಿಯಾಕೆಗೆ ಎಂಬತ್ತರ ಹತ್ತಿರ. ನನ್ನ ಸೀರೆಯ ಸೆರಗು ಮುಟ್ಟಿ ನೋಡಿ, "ಬಟ್ಟೆ ಇಷ್ಟಾನಾ ನಿಮಗೆ? ಬನ್ನಿ" ಅಂತ ಒಳಗೆ ಕರೆದರು. ಅಲ್ಲಿ ಗೋಡೆಗೆ ಒಂದು ಗೌನು ತೂಗುಹಾಕಿತ್ತು. ತೆಳು ನೀಲಿ ಹತ್ತಿ, ಮೇಲೆ ಸಣ್ಣ ಬಿಳಿ ಹೂವು. ಕತ್ತಿನಿಂದ ಸೊಂಟದವರೆಗೆ ಗುಂಡಿ. ಮೂರನೇ ಗುಂಡಿ ಇರಲಿಲ್ಲ.

"ನಮ್ಮಜ್ಜಿಯದು. ಒಳಗಡೆ ಬೆರಳಾಡಿಸಿ ನೋಡಿ" ಅಂದರು.

ಪಕ್ಕದ ಹೊಲಿಗೆಯ ಉದ್ದಕ್ಕೂ ಸಣ್ಣ ಸಣ್ಣ ತೂತು, ಎಲ್ಲ ಒಂದೇ ಅಳತೆ, ಸಾಲಾಗಿ. ಹುಳ ಹೊಡೆದಿದೆಯಾ ಅಂತ ಕೇಳಿದೆ.

"ಅಲ್ಲ. ಅದು ಚೀಲ ಹೊಲಿದಿದ್ದ ಗುರುತು. ಇದು ಕೋಳಿಗಳ ಬೂಸಾ ಬರ್ತಿದ್ದ ಚೀಲ."

ನಾನು ಸುಮ್ನೆ ನಿಂತುಬಿಟ್ಟೆ. ಹಿಟ್ಟು, ಬೂಸಾ ತುಂಬಿ ಬರುತ್ತಿದ್ದ ಚೀಲದ ಬಟ್ಟೆಯಲ್ಲಿ ಹಳ್ಳಿ ಹೆಂಗಸರು ಬಟ್ಟೆ ಹೊಲಿದುಕೊಳ್ಳುತ್ತಾರೆ ಅಂತ ಗೊತ್ತಾಗಿ, ಕಂಪನಿಗಳೇ ಹೂವಿನ ಚೀಲ ಮಾಡತೊಡಗಿದವಂತೆ. ಹೆಸರನ್ನು ತೊಳೆದರೆ ಹೋಗುವ ಶಾಯಿಯಲ್ಲಿ ಅಚ್ಚು ಹಾಕುತ್ತಿದ್ದರು, ಇಲ್ಲವೇ ಕಾಗದದ ಚೀಟಿ ಅಂಟಿಸುತ್ತಿದ್ದರು. ಒಂದು ಗೌನಿಗೆ ನೂರು ಪೌಂಡ್ ತೂಕದ ಮೂರು ಚೀಲವಾದರೂ ಬೇಕು, ಮೂರೂ ಒಂದೇ ಹೂವಿನವು. ಅಜ್ಜಿ ಒಂದು ಚಿಂದಿ ಕೊಟ್ಟು, ಇದಕ್ಕೆ ಹೊಂದುವ ಚೀಲವನ್ನೇ ತನ್ನಿ ಅಂತ ತಾತನನ್ನು ಅಂಗಡಿಗೆ ಕಳಿಸುತ್ತಿದ್ದರಂತೆ. ಅದು ರಾಶಿಯ ಅಡಿಯಲ್ಲಿದ್ದರೆ ತಾತನ ಪಾಡು ಕೇಳಬೇಡಿ. ಚೀಲ ಬಿಚ್ಚಿದ ದಾರವನ್ನೂ ಬಿಸಾಡದೆ ಉಂಡೆ ಮಾಡಿಡುತ್ತಿದ್ದರು, ಕ್ರೋಶಾ ಹಾಕಲು.

"ಇದು ಮನೆಗೆ ಮಾತ್ರ. ಮೇಲೊಂದು ಏಪ್ರನ್. ಕಾಲುಚೀಲವನ್ನು ಮಂಡಿ ಕೆಳಗೆ ಸುರುಳಿ ಸುತ್ತಿಕೊಳ್ಳೋರು. ಆದ್ರೆ ಬ್ಯಾಂಕಿಗೆ ಹೊರಟರೂ ಬೇರೆ ಹೆಂಗಸು!"

ಗಾಢ ನೀಲಿ ಕ್ರೇಪ್ ಗೌನು, ಕತ್ತಿನ ಹತ್ತಿರ ಬ್ರೂಚ್, ಲೇಸು ಕಟ್ಟುವ ದಪ್ಪ ಹಿಮ್ಮಡಿಯ ಕರಿ ಬೂಟು, ಕೈಗವಸು, ಹ್ಯಾಟು. ಒಳಗೆ ಸೊಂಟ ಬಿಗಿಯುವ ಗರ್ಡಲ್. ಬೇಸಿಗೆಯಲ್ಲೂನಾ ಅಂದೆ. "ಬೇಸಿಗೆಯಲ್ಲೂ! ಕಾಲುಚೀಲ ಸಿಕ್ಕಿಸೋ ಕ್ಲಿಪ್ಪು ಅದರಲ್ಲೇ ಇರ್ತಿತ್ತಲ್ಲ." ಕ್ಲಿಪ್ಪು ಬೇಡದ, ಸೊಂಟದವರೆಗೆ ಬರುವ ಪ್ಯಾಂಟಿಹೋಸ್ ಕಾಲುಚೀಲ ಬಂದಿದ್ದು 1959ರಲ್ಲಿ. ಅಜ್ಜಿ ಪ್ಯಾಂಟು ತೊಟ್ಟಿದ್ದನ್ನು ಮಾತ್ರ ಇವರು ನೋಡಿಯೇ ಇಲ್ಲವಂತೆ.

ಆ ಕ್ರೇಪ್ ಗೌನಿನಂಥದ್ದೇ ಒಂದನ್ನು ತೆಗೆದು ಚೀಟಿ ತೋರಿಸಿದರು. ಅಳತೆ 22½. ಈ ಅರ್ಧ ಏಕೆ? ಕುಳ್ಳಗೆ, ಸೊಂಟ ದಪ್ಪಗೆ ಇರುವ ಹೆಂಗಸರಿಗೆಂದೇ ಅರ್ಧದ ಅಳತೆಗಳಿದ್ದವು. ವಯಸ್ಸಾದ ಮೈಗೆ ತಕ್ಕ ಹಾಗೆ ಯಾರೋ ಕೂತು ಯೋಚಿಸಿ ಕತ್ತರಿಸಿದ್ದಾರೆ! ಇದು ನನಗೆ ಮೇಮಿಯ ಹರಳುಗಳಿಗಿಂತ ದೊಡ್ಡದಾಗಿ ಕಂಡಿತು. ಈಗ ರೆಡಿಮೇಡ್ ಕುರ್ತಾ ತಂದರೆ ಭುಜ ಸರಿಯಿದ್ದರೆ ಸೊಂಟ ಹಿಡಿಯುತ್ತೆ, ಸೊಂಟ ಸರಿಯಿದ್ದರೆ ತೋಳು ಜೋತಾಡುತ್ತೆ.

ನಾನೊಂದು ಕಪ್ಪು ಹ್ಯಾಟು ಕೊಂಡೆ, ಅದರ ಮುತ್ತಿನ ತಲೆಯ ಪಿನ್ನಿನ ಸಮೇತ. ಇಂಥದ್ದು ಕೊಂಡರೆ ಪಿನ್ನನ್ನು ದಯವಿಟ್ಟು ದೊಡ್ಡ ಸೂಟ್‌ಕೇಸಿಗೆ ಹಾಕಿ. ನಾನು ಕೈಚೀಲದಲ್ಲಿಟ್ಟಿದ್ದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದುಕೊಂಡುಬಿಟ್ಟರು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹೊರಡುವಾಗ ಮತ್ತೆ ಆ ಚೀಲದ ಗೌನಿನ ಹತ್ತಿರ ನಿಂತೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಸೂಜಿ ದಾರ ಇರುತ್ತೆ. ಆ ಗುಂಡಿ ಹಾಕಿಕೊಡಲಾ ಅಂದೆ.

ಅವರು ಗೌನಿನ ಜೇಬಿಗೆ ಕೈ ಹಾಕಿ ಒಂದು ಬಿಳಿ ಗುಂಡಿ ತೆಗೆದು ತೋರಿಸಿದರು. "ನಾಳೆ ಹಾಕ್ಕೋತೀನಿ ಅಂತ ಅಜ್ಜಿ ಇಲ್ಲಿಟ್ಟಿದ್ರು" ಅಂದರು. ಮತ್ತೆ ಜೇಬಿಗೇ ಹಾಕಿದರು.